ಚಿತ್ರದಲ್ಲಿ ಕಾಣುವ ಅಕ್ಷರಗಳು

ಇವತ್ತು ಬೆಳಿಗ್ಗೆ ರೈಲಿನ ಟಿಕೆಟ್ ಮಾಡಲು ಕೂತರೆ, ನಾನು ಮನುಷ್ಯನೇ ಹೌದು ಎಂದು ರುಜುವಾತು ಮಾಡಲು ಮೂರು ಸಲ ಬೇಕಾಯಿತು. ಗೊತ್ತಲ್ಲ, ಚಿತ್ರದೊಳಗೆ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರ ಕೊಟ್ಟು ‘ಇದನ್ನು ಬರೆಯಿರಿ’ ಎನ್ನುತ್ತಾರಲ್ಲ, ಅದು. ಕನ್ನಡಕ ಒರೆಸಿಕೊಂಡು ನಗಬೇಕೆಂದಿದ್ದೆ. ನಗು ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಚಿತ್ರವನ್ನು ನಾನೇ ಒಂದು ಬಾಗಿಲಿಗೆ ಜಡಿದಿದ್ದೆ.

ಆಗ ಕೋಟೇಶ್ವರದಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ನನ್ನದೊಂದು ಕೋಣೆ. ವೆಬ್‌ಸೈಟ್ ಮಾಡಿಕೊಡುವುದು ಕಸುಬು. ಇದ್ದವನು ನಾನೊಬ್ಬನೇ ಆದರೂ ಕಾರ್ಡಿನಲ್ಲಿ ‘ನಾವು’ ಎಂದೇ ಅಚ್ಚು ಹಾಕಿಸಿದ್ದೆ. ಬ್ರಹ್ಮಾವರದ ಕಡೆಯ ಒಂದು ಖಾಸಗಿ ಸಂಸ್ಥೆಗೆ, ಶಿಕ್ಷಕರ ತರಬೇತಿಗೆ ಅರ್ಜಿ ಹಾಕುವ ಪುಟ ಮಾಡಿಕೊಟ್ಟಿದ್ದೆ. ಸುಳ್ಳು ಅರ್ಜಿ ತುಂಬುವ ಯಂತ್ರಗಳನ್ನು ತಡೆಯಲು ಕೊನೆಯಲ್ಲಿ ಆ ಚಿತ್ರ ಇಟ್ಟಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಅರ್ಜಿಗೆ ಕೊನೆಯ ದಿನ. ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಮೂರು ಗಂಟೆಗೆ, ಪುಟದ ಅಡಿಯಲ್ಲಿ ಕೊಟ್ಟಿದ್ದ ನನ್ನ ನಂಬರಿಗೆ ಫೋನ್ ಬಂತು. ಹುಡುಗಿಯ ದನಿ.

“ಹ್ವಾಯ್, ಈ ಅರ್ಜಿ ಪುಟ ಮಾಡದ್ ನೀವಾ? ಎಲ್ಲ ತುಂಬ್ಸಿ ಆಯ್ತ್. ಕಡೀಗೊಂದ್ ಚಿತ್ರ ಇತ್ತಲ್ದಾ, ಅದ್ರಗೆ ಎಂತ ಬರ್ದಿತ್?”

“ಸ್ಕ್ರೀನ್ ಸ್ವಲ್ಪ ದೊಡ್ಡದು ಮಾಡಿ ನೋಡಿ” ಎಂದೆ, ಗ್ರಾಹಕರ ಜೊತೆ ಆಡುವ ಪೇಟೆ ಭಾಷೆಯಲ್ಲಿ.

“ನಂಗ್ ಕಣ್ಣ್ ಕಾಂತಿಲ್ಲ ಮಾರ್ರೆ. ಫೋನ್ ಓದಿ ಹೇಳತ್ತ್. ಇಲ್ಲಿ ಬರೀ ‘ಚಿತ್ರ’ ಅಂತ್ ಹೇಳಿ ಸುಮ್ನಾತ್ತ್.”

ದೃಷ್ಟಿಯಿಲ್ಲದ ಆ ಹುಡುಗಿಯ ಹೆಸರು ಸುಜಾತ, ಊರು ನಾವುಂದ. ತಾಯಿ ಮೀನು ಮಾರುವವರು, ಇನ್ನೂ ಮನೆಗೆ ಬಂದಿರಲಿಲ್ಲ. ಬಂದರೂ ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಅವಳ ಪರದೆಯ ಅಕ್ಷರಗಳು ಇಲ್ಲಿಂದ ನನಗೆ ಕಾಣುವುದಿಲ್ಲ; ನಿಮ್ಮ ವಿವರ ಹೇಳಿ, ನಾನೇ ತುಂಬಿ ಕಳಿಸುತ್ತೇನೆ ಎಂದೆ.

“ಬ್ಯಾಡ. ಎಲ್ಲದಕ್ಕೂ ಒಬ್ರನ್ನ ಕೇಂತಾ ಕೇಂತಾ ಸಾಕಾಯ್ತ್. ನಾಳೆ ಮಕ್ಳಿಗ್ ಕಲ್ಸುವಳ್ ನಾನ್. ಇದೊಂದ್ ನಾನೇ ಮಾಡ್ಕ್.”

ಆ ಚಿತ್ರ ತೆಗೆಯಲೇ ಎಂದು ಸಂಸ್ಥೆಯ ವ್ಯವಸ್ಥಾಪಕರಿಗೆ ಫೋನ್ ಮಾಡಿ ಕೇಳಿದೆ. “ಇವತ್ತು ಏನನ್ನೂ ಮುಟ್ಟಬೇಡಿ. ಒಬ್ಬಳಿಗೋಸ್ಕರ ಉಳಿದವರದ್ದು ಕೆಡಿಸ್ತೀರಾ?” ಎಂದರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. “ಹೂಂ ಸರ್” ಎಂದು ಇಟ್ಟೆ.

ಅರ್ಧ ಗಂಟೆ ಹಾಗೇ ಕೂತಿದ್ದೆ ಎಂದರೆ ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರೋ. ಜಾಲತಾಣ ಎಲ್ಲರಿಗೂ ತೆರೆದಿರಬೇಕು, ಅದಕ್ಕೆ ನಿಯಮಗಳಿವೆ ಎಂದು ನಾನು ಓದಿದ್ದೆ, ಕುಂದಾಪುರದ ಒಂದು ಕಾಲೇಜಿನಲ್ಲಿ ಭಾಷಣವನ್ನೂ ಬಿಗಿದು ಶಾಲು ಹೊದ್ದು ಬಂದಿದ್ದೆ. ಕಂಪ್ಯೂಟರಿನ ಪರದೆ ಆರಿಸಿ, ಓದಿ ಹೇಳುವ ದನಿಯನ್ನು ಹಾಕಿ ನನ್ನದೇ ಪುಟವನ್ನು ಮೊದಲ ಸಲ ಕೇಳಿದೆ. ಹೆಸರು, ವಿಳಾಸ, ಅಂಕ ಎಲ್ಲ ಸಲೀಸು. ಕೊನೆಗೆ ‘ಚಿತ್ರ’. ಅಷ್ಟೇ. ಮುಂದೆ ಗೋಡೆ.

ಕೈ ಹಾಕಿದೆ. ಚಿತ್ರ ತೆಗೆದು, ಕಣ್ಣಿಗೂ ಕಿವಿಗೂ ಸಿಗದ ಒಂದು ಖಾಲಿ ಜಾಗ ಇಟ್ಟೆ. ಮನುಷ್ಯರಿಗೆ ಅದು ಇರುವುದೇ ತಿಳಿಯುವುದಿಲ್ಲ. ಯಂತ್ರ ಮಾತ್ರ ತುಂಬಿ ಸಿಕ್ಕಿಬೀಳುತ್ತದೆ. ಅವಸರದಲ್ಲಿ ಕೋಡಿನೊಳಗೆ ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಯಿತು. ಇಡೀ ಪುಟ ಬೆಳ್ಳಗಾಯಿತು.

ಗಂಟೆ ನಾಲ್ಕೂ ಇಪ್ಪತ್ತು. ವ್ಯವಸ್ಥಾಪಕರ ಫೋನ್ ಬಡಿದುಕೊಳ್ಳತೊಡಗಿತು. ಎತ್ತಲಿಲ್ಲ. ಬರೆದದ್ದನ್ನು ಸಾಲು ಸಾಲಾಗಿ ಮತ್ತೆ ಓದುತ್ತಾ ಹೋದೆ. ಆ ಹೊತ್ತಿನಲ್ಲಿ ಇನ್ನೆಷ್ಟು ಮಂದಿ ಆ ಬಿಳಿ ಪುಟ ನೋಡುತ್ತಾ ಕೂತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಪ್ಪು ಸಿಕ್ಕಿ ಪುಟ ಮರಳುವಾಗ ನಾಲ್ಕೂ ಮೂವತ್ತೈದು. ಸುಜಾತಳಿಗೆ ಫೋನ್ ಮಾಡಿದೆ.

“ಮುಂಚೆ ತುಂಬ್ಸದ್ದೆಲ್ಲ ಹೋಯ್ತ್” ಎಂದಳು. ಬೈಯಲಿಲ್ಲ. ಮೊದಲಿಂದ ಶುರು ಮಾಡಿದಳು.

ಮನೆಯ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟುಕೊಂಡು ನನ್ನ ಜೊತೆ ಮಾತಾಡುತ್ತಿದ್ದಳು. ಅವಳ ಫೋನಿನ ಚುರುಕು ದನಿ ನನಗೂ ಕೇಳುತ್ತಿತ್ತು. ತಂದೆಯ ಹೆಸರು. ಪಿನ್‌ಕೋಡ್. ಒಂದು ಕಡೆ ತಪ್ಪಿ ಹಿಂದಕ್ಕೆ ಹೋದಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ಆ ದನಿ ಹೇಳಿತು: “ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ.”

“ಆಯ್ತ್” ಎಂದಳು. ಮತ್ತೆ, ಮೆಲ್ಲಗೆ, “ಆಯ್ತ್ ಅಣ್ಣ.”

ಮರುದಿನ ಬ್ರಹ್ಮಾವರಕ್ಕೆ ಹೋಗಿ ವ್ಯವಸ್ಥಾಪಕರ ಎದುರು ನಿಂತು ಮಾಡಿದ್ದನ್ನೆಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಪುಟ ಕೆಟ್ಟಿದ್ದಕ್ಕೆ ಅರ್ಜಿ ಹಾಕುವವರಿಗೆ ಒಂದು ದಿನ ಹೆಚ್ಚು ಕೊಟ್ಟರು, ನನ್ನನ್ನು ಆ ಕೆಲಸದಿಂದ ತೆಗೆದರು. ಸುಜಾತಳ ಹೆಸರು ಆಯ್ಕೆಯ ಎರಡನೇ ಪಟ್ಟಿಯಲ್ಲಿ ಬಂತು. ಈಗ ಬೈಂದೂರಿನ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಾಳೆ. ಭಾನುವಾರಗಳಲ್ಲಿ ನನ್ನ ಕೆಲಸವನ್ನು ತಿದ್ದುತ್ತಾಳೆ. ಅವಳು ಒಪ್ಪದೆ ಯಾವ ಪುಟವೂ ನನ್ನ ಕೈ ಬಿಡುವುದಿಲ್ಲ.

ಇವತ್ತೂ ಭಾನುವಾರ. ಒಂದು ಆಸ್ಪತ್ರೆಯ ಪುಟ ಕಳಿಸಿ, ಪರೀಕ್ಷೆ ಬರೆದವನ ಹಾಗೆ ಕಾಯುತ್ತಿದ್ದೆ. ಈಗಷ್ಟೇ ಫೋನ್ ಬಂತು.

“ಮೂರ್ನೇ ಪುಟದಗೆ ಒಂದ್ ಬಟನ್‌ಗೆ ಹೆಸ್ರೇ ಇಲ್ಲ ಅಣ್ಣ. ಒತ್ತುಕೆ ಹೆದ್ರಿಕೆ ಆತ್ತ್.”

ತೆರೆದು ಕೇಳಿದೆ; ದನಿ ಬರೀ ‘ಬಟನ್’ ಎಂದಿತು. ತುರ್ತು ಚಿಕಿತ್ಸೆಯ ಬಟನ್ ಅದು. ನಾಳೆ ಬೆಳಿಗ್ಗೆ ಆ ಪುಟದ ಉದ್ಘಾಟನೆ, ಆಹ್ವಾನ ಪತ್ರ ಹಂಚಿ ಆಗಿದೆ. ಆಸ್ಪತ್ರೆಯವರಿಗೆ ಫೋನ್ ಮಾಡಿ, “ಸುಜಾತ ಮೇಡಮ್ ಇನ್ನೂ ಪಾಸು ಮಾಡಿಲ್ಲ. ಅಲ್ಲಿಯವರೆಗೆ ಕೊಡಲಿಕ್ಕೆ ಬರುವುದಿಲ್ಲ” ಎಂದೆ.

“ಯಾರ್ರೀ ಅದು?” ಎಂದು ಗದರಿದರು.

ಕುರ್ಚಿ ಎಳೆದುಕೊಂಡು, ಮೊದಲಿಂದ ಹೇಳತೊಡಗಿದೆ.