ಬುಟ್ಟಿಯ ಕೆಳಗಿನ ಕೋಳಿ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಮೂರು ದಿನ ನನ್ನ ಎಡಗೈ ನನ್ನದಾಗಿರಲಿಲ್ಲ. ಕಳೆದ ತಿಂಗಳು ಪುಟ್ಟಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗಿನಿಂದ ಆ ಸ್ಟೋರಿ ಹೇಳು ಎಂದು ದುಂಬಾಲು ಬಿದ್ದಿದ್ದೀರಿ. ಬರೆದೇ ಕೊಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನಡುವೆ ನಿಲ್ಲಿಸಿಬಿಡುತ್ತೇನೆ.

ಆಗ ನಾವು ಜಗಳೂರಿನಲ್ಲಿದ್ದೆವು. ಎರಡನೆಯ ಮಹಾಯುದ್ಧದ ಕಾಲ, ದಾವಣಗೆರೆಯ ಬಸ್ಸು ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸ್‌ನಲ್ಲಿ ಕೆಮ್ಮುತ್ತಾ ಓಡುತ್ತಿತ್ತು. ನನಗೆ ಏಳು ವರ್ಷ. ಹಿತ್ತಲಿನ ಕಲ್ಲುಗೋಡೆಯ ಮೇಲೆ ಸರ್ಕಸ್ ಹುಡುಗಿಯ ಹಾಗೆ ನಡೆಯಲು ಹೋಗಿ ಬಿದ್ದೆ. ಮುಂಗೈ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಒಣಗಿದ ತೊಗರಿಕಡ್ಡಿ ಲಟಕ್ಕೆಂದ ಹಾಗೆ.

ಮೂಳೆ ಮುರಿದರೆ ಊರಲ್ಲಿ ಯಾರೂ ಡಾಕ್ಟರ್ ಹೆಸರು ಎತ್ತುತ್ತಿರಲಿಲ್ಲ. ಹತ್ತಿರದ ಸೊಕ್ಕೆ ಹಳ್ಳಿಯಿಂದ ಕಟ್ಟು ಕಟ್ಟುವ ಅಜ್ಜನನ್ನು ಕರೆಸುತ್ತಿದ್ದರು. ಅಜ್ಜ ಕಣ್ಣು ಮುಚ್ಚಿ ನನ್ನ ಕೈ ಸವರಿ, ಒಂದೇ ಎಳೆತಕ್ಕೆ ಮೂಳೆ ಕೂರಿಸಿದರು. ಉದ್ದಿನ ಹಿಟ್ಟು ಬಳಿದು, ಸುತ್ತಲೂ ಬಿದಿರಿನ ದಬ್ಬೆ ಇಟ್ಟು, ಹಲ್ಲು ಕಚ್ಚಿ ಬಿಗಿದು ಕಟ್ಟಿದರು. ದೃಷ್ಟಿ ತಾಗಬಾರದೆಂದು ಬೆರಳ ತುದಿಯವರೆಗೂ ಕರಿಬಟ್ಟೆ ಸುತ್ತಿದರು. ಆಮೇಲೆ ಚೀಲದಿಂದ ಒಂದು ಕೆಂಪು ಕೋಳಿ ತೆಗೆದು, ಅದರ ಕಾಲನ್ನೂ ಲಟಕ್ಕೆನ್ನಿಸಿ, ಅದಕ್ಕೂ ನನ್ನದೇ ಥರ ಕಟ್ಟು ಹಾಕಿದರು.

ಅದು ಅವರ ಪದ್ಧತಿ. ಕೋಳಿಯನ್ನು ಹಿತ್ತಲಲ್ಲಿ ಬುಟ್ಟಿಯ ಕೆಳಗೆ ಇಡಬೇಕು. "ಈ ಕೋಳಿ ಎದ್ದು ನಡೆದ ದಿನ ಹೇಳಿ ಕಳಸ್ರಿ, ಕಟ್ಟು ಬಿಚ್ಚಾಕೆ ಬರ್ತೀನಿ. ಅಲ್ಲಿಗಂಟ ಕೂಸಿನ ಕೈ ಯಾರೂ ನೋಡಂಗಿಲ್ಲ" ಎಂದರು. ನಾವೋ ಕೋಳಿ ಮುಟ್ಟದ ಮನೆಯವರು. ಅವ್ವ ದೂರದಿಂದಲೇ ಜೋಳ ಎಸೆದು ಕೈ ತೊಳೆದುಕೊಂಡಳು.

ಮೊದಲ ದಿನ ನಾನು ಒಳಗೆ ಅತ್ತೆ, ಕೋಳಿ ಹೊರಗೆ ಅತ್ತಿತು. ಎರಡನೆಯ ದಿನ ನನ್ನ ಕೈಯೊಳಗೆ ಇರುವೆಗಳ ಸಾಲು ಹರಿದಂತಾಯಿತು. ಕೋಳಿ ಆಗೊಮ್ಮೆ ಈಗೊಮ್ಮೆ ಮುಲುಗುತ್ತಿತ್ತು. ಮೂರನೆಯ ಬೆಳಿಗ್ಗೆ ಏಳುವಾಗ ನೋವೇ ಇರಲಿಲ್ಲ. ಬುಟ್ಟಿಯ ಕೆಳಗೂ ಸದ್ದಿರಲಿಲ್ಲ.

ಮನೆಯವರಿಗೆಲ್ಲ ಖುಷಿ. ಪಕ್ಕದ ಮನೆಯ ದೊಡ್ಡಮ್ಮ ಬಂದು, "ಏನವ್ವಾ, ಸರ್ಕಸ್ಸು ಮತ್ತೆ ಯಾವಾಗ?" ಎಂದು ಕೆನ್ನೆ ಹಿಂಡಿ ಹೋದರು. ನಾನು ನಕ್ಕೆ. ಆದರೆ ಕರಿಬಟ್ಟೆಯೊಳಗಿದ್ದದ್ದು ನನ್ನ ಕೈ ಅನ್ನಿಸುತ್ತಿರಲಿಲ್ಲ. ಯಾರೋ ತಮ್ಮ ತಣ್ಣನೆಯ ವಸ್ತುವೊಂದನ್ನು ನನ್ನ ಮಡಿಲಲ್ಲಿಟ್ಟು, ಬರುತ್ತೇವೆ ಅಂದು ಹೋದ ಹಾಗಿತ್ತು.

ಅಕ್ಕ ಆಗ ರಜೆಗೆ ಬಂದಿದ್ದಳು. ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಓದುತ್ತಿದ್ದ ಅವಳಿಗೆ ಎಲ್ಲವನ್ನೂ ಮುಟ್ಟಿ ನೋಡುವ ಚಾಳಿ. ಆ ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿದ್ದರು, ಅವ್ವನಿಗೆ ಜೊಂಪು ಹತ್ತಿತ್ತು. ಗಾಳಿ ನಿಂತುಹೋಗಿತ್ತು. ಹಿತ್ತಲ ಕಲ್ಲುಗಳು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದ್ದವು. ಅಕ್ಕ ಮೆಲ್ಲಗೆ ಬುಟ್ಟಿ ಎತ್ತಿದಳು. ಬಾಗಿಲಲ್ಲಿ ಕೂತ ನನಗೂ ಕಾಣಿಸಿತು. ಕೋಳಿ ಕಣ್ಣು ತೆರೆದೇ ಮಲಗಿತ್ತು. ಕಟ್ಟಿನ ಕೆಳಗಿನ ಕಾಲು ಸುಟ್ಟ ಕಡ್ಡಿಯಷ್ಟು ಕಪ್ಪು. ಅದರ ಬೆರಳುಗಳ ಮೇಲೆ ನಿಜವಾದ ಇರುವೆಗಳು ಹರಿದಾಡುತ್ತಿದ್ದವು. ಕೋಳಿ ಕಾಲು ಎಳೆದುಕೊಳ್ಳಲಿಲ್ಲ.

ಅಕ್ಕ ನನ್ನ ಬಳಿ ಬಂದು ಕೂತಳು. ಕರಿಬಟ್ಟೆಯ ತುದಿ ಬಿಚ್ಚಿ, ತನ್ನ ಲಂಗದ ಸೇಫ್ಟಿ ಪಿನ್ ತೆಗೆದು, "ಕಣ್ಣು ಮುಚ್ಚು. ಚುಚ್ಚಿದ ಕೂಡಲೇ ಹೇಳು" ಎಂದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿ ಕಾದೆ. ದೂರದಲ್ಲಿ ಒಂದು ಗಾಡಿ ಹೋದ ಸದ್ದು ಪೂರ್ತಿ ಅಡಗುವವರೆಗೂ ಕಾದೆ.

"ಇನ್ನೂ ಚುಚ್ಚಿಲ್ಲೇನು?" ಎಂದು ಕೇಳಿದೆ.

ಕಣ್ಣು ಬಿಟ್ಟು ನೋಡಿದರೆ ಬದನೆಕಾಯಿ ಬಣ್ಣದ ಬೆರಳುಗಳು, ಒಂದೊಂದರ ಮೇಲೂ ಕಪ್ಪಗಿನ ಒಂದು ರಕ್ತದ ಹನಿ. ಐದೂ ಬೆರಳಿಗೆ ಚುಚ್ಚಿದ್ದಳು.

ಅವಳು ಬರಿಗಾಲಲ್ಲಿ ಅಂಗಡಿಗೆ ಓಡಿ ಅಪ್ಪನನ್ನು ಕರೆತಂದಳು. ಎಚ್ಚರಗೊಂಡ ಅವ್ವ ಅಳುತ್ತಾ, ಕೋಳಿ ನಡೆಯುವ ಮೊದಲು ಬಿಚ್ಚಿದರೆ ಕೈ ಸೊಟ್ಟಗಾಗುತ್ತದೆ, ಅಜ್ಜ ಬರಲಿ ಎಂದಳು. ಅಪ್ಪ ಕತ್ತರಿ ಹಿಡಿದು ಸುಮ್ಮನೆ ನಿಂತುಬಿಟ್ಟರು. ಬಿಚ್ಚಿದರೆ ಒಂದು ಭಯ, ಬಿಚ್ಚದಿದ್ದರೆ ಇನ್ನೊಂದು.

ಆಮೇಲೆ ಅವರು ಹಿತ್ತಲಿಗೆ ಹೋದರು. ಜನ್ಮದಲ್ಲಿ ಕೋಳಿ ಮುಟ್ಟದ ನನ್ನ ಅಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಪಕ್ಕದಲ್ಲಿ ಇಟ್ಟರು. ಒಂದು ಕೈಯಲ್ಲಿ ಅದರ ಕಾಲು, ಇನ್ನೊಂದರಲ್ಲಿ ನನ್ನ ಬೆರಳು ಹಿಡಿದು ಬಹಳ ಹೊತ್ತು ಕೂತರು.

"ಎರಡೂ ಒಂದೇ ಥರ ತಣ್ಣಗೈತೆ" ಎಂದರು. ಕತ್ತರಿ ಹಾಕಿದರು.

ಬಿದಿರಿನ ದಬ್ಬೆಗಳು ಒಂದೊಂದಾಗಿ ಬಿದ್ದವು. ಅವು ಕೂತಿದ್ದ ಜಾಗದಲ್ಲಿ ಮಾಂಸ ಗುಳಿ ಬಿದ್ದಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೋವು ಬಂತು ನೋಡಿ! ಬೆಂಕಿಯಲ್ಲಿ ಅದ್ದಿದಂಥ ನೋವು. ನಾನು ಕಿರುಚಿದಷ್ಟೂ ಅಕ್ಕ ನಗುತ್ತಾ ಅಳುತ್ತಾ, "ಬಂತು, ಬಂತು" ಅನ್ನುತ್ತಿದ್ದಳು. ಕೋಳಿಯ ಕಟ್ಟನ್ನೂ ಅಪ್ಪ ಕತ್ತರಿಸಿದರು. ಅದು ಮಾತ್ರ ಕಿರುಚಲಿಲ್ಲ.

ಆ ಸಂಜೆಯೇ ಇದ್ದಿಲಿನ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು. ಡಾಕ್ಟರ್ ನನ್ನ ಕೈ ನೋಡಿ, ಬಿಗಿಯಾದ ಕಟ್ಟು ರಕ್ತವನ್ನೂ ನರವನ್ನೂ ಅಮುಕಿಬಿಟ್ಟಿದೆ, ಇನ್ನೊಂದು ದಿನ ತಡವಾಗಿದ್ದರೆ ಕೈಯನ್ನೇ ತೆಗೆಯಬೇಕಿತ್ತು ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದರು. ಮೂರು ಬೆರಳಿಗೆ ನಿಧಾನವಾಗಿ ಜೀವ ವಾಪಸ್ ಬಂತು. ಉಂಗುರದ ಬೆರಳಿಗೂ ಕಿರುಬೆರಳಿಗೂ ಬರಲಿಲ್ಲ.

ಸುದ್ದಿ ಕೇಳಿ ಸೊಕ್ಕೆಯ ಅಜ್ಜ ಬಂದರು. ಅವರು ಕೆಟ್ಟವರಲ್ಲ, ಮಕ್ಕಳೇ. ಎಷ್ಟೋ ಜನರ ಮೂಳೆ ನೆಟ್ಟಗೆ ಮಾಡಿದವರು. ನನ್ನ ಮೂಳೆಯೂ ಕೊನೆಗೆ ನೆಟ್ಟಗೇ ಕೂಡಿತು. ಅವರು ನನ್ನ ಬೆರಳುಗಳನ್ನು ನೋಡಿದರು, ಕೋಳಿಯನ್ನು ನೋಡಿದರು, ನೆಲದ ಮೇಲೆ ಕೂತುಬಿಟ್ಟರು. "ಕಟ್ಟು ಬಿಗಿ ಅಂತ ಕೋಳಿ ಕಾಲು ಆಗಲೇ ಹೇಳಿತ್ತು. ನಾವು ಅದು ನಡೆಯಾದೊಂದೇ ಕಾಯ್ತಾ ಕುಂತ್ವಿ" ಎಂದರು.

ಕೋಳಿಯ ಪಾದ ಒಣಗಿ ಉದುರಿ, ಮೋಟು ಕಾಲು ಉಳಿಯಿತು. ಆದರೂ ಅದು ಬದುಕಿತು. ಅವ್ವ ಅದನ್ನು ಯಾರಿಗೂ ಕೊಡಲಿಲ್ಲ. ತನ್ನ ಕೈಯಿಂದಲೇ ಕಾಳು ತಿನ್ನಿಸಿದಳು. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಹಿತ್ತಲ ಕಲ್ಲಿನ ಮೇಲೆ ಅದು ಓಡಾಡುವ ಸದ್ದು ಕೇಳುತ್ತಿತ್ತು, ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಟಕ್. ಪ್ರತಿ ಟಕ್ಕಿಗೂ ಆ ಎರಡು ಬೆರಳಿನಲ್ಲಿ ಏನೋ ಅದುರಿದಂತಾಗುತ್ತಿತ್ತು. ಸಿಲ್ಲಿ ಅನ್ನಿಸಬಹುದು ನಿಮಗೆ. ಆ ಬೆರಳುಗಳಿಗೆ ಬೇರೇನೂ ಗೊತ್ತಾಗುತ್ತಿರಲಿಲ್ಲ, ಅದೊಂದು ಗೊತ್ತಾಗುತ್ತಿತ್ತು.

ಮುಂದಿನ ವರ್ಷ ಅಪ್ಪ ನನ್ನನ್ನೂ ಅಕ್ಕನ ಕಾನ್ವೆಂಟಿಗೆ ಸೇರಿಸಿದರು. ಪಿಯಾನೋ ಕ್ಲಾಸಿನಲ್ಲಿ ನಾನು ಎಂಟೇ ಬೆರಳಲ್ಲಿ ನುಡಿಸುತ್ತಿದ್ದೆ.

ಪುಟ್ಟಿ, ನಿನ್ನ ಪ್ಲಾಸ್ಟರಿನಿಂದ ಬೆರಳುಗಳು ಹೊರಗೇ ಇದ್ದವು. ಗಂಟೆಗೊಮ್ಮೆ ನರ್ಸ್ ಬಂದು ಉಗುರು ಒತ್ತಿ, "ಬೆರಳು ಆಡಿಸು, ಜುಮ್ಮೆನ್ನುತ್ತಾ?" ಎಂದು ಕೇಳುತ್ತಿದ್ದಳು. ನಿನಗೆ ಬೇಜಾರಾಗಿ, "ಹೌ ಮೆನಿ ಟೈಮ್ಸ್, ಅಜ್ಜಿ?" ಎಂದು ಮುಖ ಸಿಂಡರಿಸಿದೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಪ್ರತಿ ಸಲವೂ ನಿನ್ನ ಉತ್ತರಕ್ಕೆ ಕಾಯುತ್ತಿದ್ದೆ. ನಮ್ಮ ಕಾಲದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಎಲ್ಲರೂ ಬುಟ್ಟಿಯ ಕಡೆ ನೋಡುತ್ತಿದ್ದರು.

ರಸ್ತೆ ದಾಟುವಾಗ ನೀವು ಓಡಿಬಂದು ನನ್ನ ಎಡಗೈಯ ಕೊನೆಯ ಎರಡು ಬೆರಳು ಹಿಡಿದುಕೊಳ್ಳುತ್ತೀರಲ್ಲ, ಆಗೆಲ್ಲ ನಾನು ತಲೆ ಬಗ್ಗಿಸಿ ನೋಡುತ್ತೇನೆ. ನೋಡಿದರೆ ಮಾತ್ರ, ನೀವು ಹಿಡಿದಿದ್ದೀರಿ ಎಂದು ನನಗೆ ಗೊತ್ತಾಗುವುದು.