ಬಾಗಿಲಿಗೆ ಅಡ್ಡ ಕೂತ ದೊಡ್ಡತ್ತೆ

ಸಮುದಾಯದ ಸ್ವಯಂ ಆಡಳಿತದ ಬಗ್ಗೆ ಮಾತಾಡುವವರು ಇವತ್ತು ಬಹಳ ಮಂದಿ ಇದ್ದಾರೆ. ತಮ್ಮ ಮಾತು ಮುಗಿದ ಮೇಲೂ ಸಭೆಯಲ್ಲಿ ಕೂತಿರುವವರು ಕಡಿಮೆ. ನದಿದಂಡೆಯ ಮೂಲನಿವಾಸಿಗಳ ಕೂಟಕ್ಕೆ ಅರ್ಧ ಆಯುಷ್ಯ ಹಿರಿಯರಾಗಿದ್ದು, ಈಗ ಆ ಹೊಣೆಯನ್ನು ತಂಗಿಯ ಮಗಳಿಗೆ ಒಪ್ಪಿಸುತ್ತಿರುವ ದೊಡ್ಡತ್ತೆಯವರು ಆ ಕಡಿಮೆ ಜನರಲ್ಲಿ ಒಬ್ಬರು. ದಂಡೆಯ ಮೇಲೆ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಸರ್ಕಾರಿ ಇಲಾಖೆಯ ವರದಿಗಳಲ್ಲಿ ಮಾತ್ರ ಅವರು ‘ಸಾಂಪ್ರದಾಯಿಕ ಮುಖ್ಯಸ್ಥೆ’. ಅದನ್ನು ಓದಿ ಹೇಳಿದಾಗ ಅವರು, “ಯಾರೇ ಅದು? ಸತ್ತುಹೋದ್ಲಾ?” ಎಂದು ಕೇಳಿದ್ದರು.

ಇಂಥ ಅಭಿನಂದನ ಗ್ರಂಥದಲ್ಲಿ ಸಿಟ್ಟಿಗೆ ಜಾಗವಿಲ್ಲ ಎನ್ನುತ್ತಾರೆ. ಆದರೆ ದೊಡ್ಡತ್ತೆಯವರ ಬದುಕಿನಿಂದ ಸಿಟ್ಟನ್ನು ತೆಗೆದರೆ ಉಳಿಯುವುದು ಗೋಡೆಗೆ ನೇತುಹಾಕುವ ಒಂದು ಫೋಟೋ ಅಷ್ಟೆ.

ಅವರ ಕಸುಬು ದೋಣಿಗಳ ಬಿರುಕಿಗೆ ನಾರು ತುರುಕಿ ಅರಗು ಬಳಿಯುವುದು. ಹಿರಿತನ ಬಂದದ್ದು ಸೋದರಮಾವನಿಂದ. ಆ ಕೂಟದಲ್ಲಿ ಹಿರಿಯರ ಜಾಗ ನಡುವೆಯೂ ಅಲ್ಲ, ಎತ್ತರದಲ್ಲೂ ಅಲ್ಲ, ಬಾಗಿಲಲ್ಲಿ. ಅಲ್ಲಿ ಕೈ ಎತ್ತಿಸಿ ತಲೆ ಎಣಿಸುವುದಿಲ್ಲ, ಒಂದೇ ಒಂದು ಮನೆ ಒಪ್ಪದಿದ್ದರೂ ತೀರ್ಮಾನವಿಲ್ಲ. ಹಾಗಾಗಿ ಮುನಿಸಿಕೊಂಡು ಎದ್ದವರನ್ನು ಮತ್ತೆ ಕೂರಿಸುವುದೇ ಹಿರಿತನ. ಹೊರಗೆ ಹೋಗಬೇಕಾದವರು ಹಿರಿಯರ ಮಂಡಿ ದಾಟಿಯೇ ಹೋಗಬೇಕು; ದಾಟುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಒಮ್ಮೆ ದೋಣಿ ಕಟ್ಟುವ ಜಾಗಕ್ಕಾಗಿ ಅಣ್ಣತಮ್ಮಂದಿರಿಬ್ಬರು ಜಗಳವಾಡಿ, ತಮ್ಮ ದಡಬಡ ಎದ್ದು ಹೊರಟ. ದೊಡ್ಡತ್ತೆಯವರು ಅಂಗಿ ಹಿಡಿದರು. ಅಂಗಿ ಹರಿಯಿತು, ಆಸಾಮಿ ನಿಲ್ಲಲಿಲ್ಲ. ಮರುದಿನ ಸೂಜಿದಾರ ಹಿಡಿದು ಅವನ ಮನೆಗೇ ಹೋಗಿ, ಅವನ ಹೆಂಡತಿಯ ಎದುರೇ ಅಂಗಿ ಹೊಲಿದುಕೊಟ್ಟು ಹೇಳಿದರು: “ಹರಿದಿದ್ದು ನನ್ನ ತಪ್ಪು, ಎದ್ದು ಹೋಗಿದ್ದು ನಿನ್ನ ತಪ್ಪು. ನಂದನ್ನ ನಾನು ಹೊಲಿದಾಯ್ತು. ನಿಂದು?” ಅಂದು ಸಂಜೆಯೇ ಅವನು ಕೂಟಕ್ಕೆ ಬಂದ. ಆಮೇಲೆ ಎಷ್ಟೋ ವರ್ಷ, ಅವನು ಸಭೆಗೆ ಕಾಲಿಟ್ಟಾಗಲೆಲ್ಲ, “ಹಳೇ ಅಂಗಿ ಹಾಕ್ಕೊಂಡು ಬಂದಿದೀಯೇನೋ?” ಎಂದು ಜನ ಕಾಲೆಳೆಯುತ್ತಿದ್ದರು.

ನಂತರ ಇಲಾಖೆ ಕಣ್ಣು ಬಿಟ್ಟಿತು. ಕೂಟಕ್ಕೆಂದು ಸಿಮೆಂಟಿನ ಸಭಾಂಗಣ ಕಟ್ಟಿಸಿ, ಅದರಲ್ಲೊಂದು ವೇದಿಕೆ, ವೇದಿಕೆಯ ನಡುವೆ ಕೆಂಪು ಮೆತ್ತೆಯ ಕುರ್ಚಿ ಹಾಕಿಸಿತು. ಮೊದಲ ಸಭೆಗೆ ಇಟ್ಟ ವಿಷಯ, ದೋಣಿ ರಿಪೇರಿಯ ದಂಡೆಯನ್ನು ಹಡಗಿನ ಸರಕು ಇಳಿಸುವ ಕಟ್ಟೆ ಕಟ್ಟಲು ಕಂಪನಿಯೊಂದಕ್ಕೆ ಬಿಟ್ಟುಕೊಡುವುದು. ದೊಡ್ಡತ್ತೆಯವರು ಎಂದಿನಂತೆ ಬಾಗಿಲಲ್ಲಿ ಕೂತರು. ಅಧಿಕಾರಿ ಓಡಿಬಂದರು.

“ಅಮ್ಮಾ, ನೀವು ನಾಯಕರು. ಬಾಗಿಲಲ್ಲಿ ಕೂರೋದು ವಾಚ್‌ಮನ್ ಕೆಲಸ. ಬನ್ನಿ ಮೇಲೆ.”

ಮನೆಗೆ ಬಂದವರ ಮುಖ ಮುರಿಯಬಾರದೆಂದು ಅವರು ಮೇಲೆ ಹೋದರು. ಆ ಕುರ್ಚಿಯಿಂದ ಅವರಿಗೆ ಎಲ್ಲರ ಮುಖವೂ ಕಂಡಿತು, ಒಬ್ಬರಿಗೂ ಕೈ ಎಟುಕಲಿಲ್ಲ. ದಂಡೆಯನ್ನೇ ನಂಬಿದ್ದ ಮೇಲಿನ ಓಣಿಯವರು ಕೂಗಾಡಿ, ಮೈಕು ಸಿಗದೆ, ಎದ್ದು ಹೊರಟರು. ಅವರ ಬೆನ್ನುಗಳನ್ನು ದೊಡ್ಡತ್ತೆಯವರು ನೋಡಿದರು. ತಮಗೂ ಬಾಗಿಲಿಗೂ ನಡುವೆ ಮೇಜು, ಮೆಟ್ಟಿಲು, ಅತಿಥಿಗಳ ಸೋಫಾ. ಅವರು ಎದ್ದು ನಿಂತರೆ ಅಧಿಕಾರಿ ಮೊಣಕೈ ಹಿಡಿದು, “ಕೂತ್ಕೊಳ್ಳಿ ಅಮ್ಮಾ, ಹೋಗೋರು ಹೋಗ್ಲಿ ಬಿಡಿ” ಎಂದರು. ನಾಯಕರನ್ನು ಕೂರಿಸಿ ಜನರನ್ನು ಎಬ್ಬಿಸುವ ಈ ವಿದ್ಯೆಗೆ ಇಲಾಖೆಯ ಭಾಷೆಯಲ್ಲಿ ‘ಸಹಭಾಗಿತ್ವ’ ಎಂದು ಹೆಸರು. ಮೇಲಿನ ಓಣಿಯವರು ಆಚೆ ಹೋದ ಮೇಲೆ, ಉಳಿದವರಲ್ಲಿ ಆಕ್ಷೇಪವಿಲ್ಲವೆಂದು ‘ಸರ್ವಾನುಮತ’ದ ಘೋಷಣೆಯಾಯಿತು. ಚಪ್ಪಾಳೆ ತಟ್ಟಿದವರು ಸೋಫಾದವರು.

ದಂಡೆಗೆ ತಂತಿಬೇಲಿ ಬಿತ್ತು. ಅರ್ಧ ಅರಗು ಬಳಿದ ದೋಣಿಗಳು ಬೇಲಿಯೊಳಗೇ ಬಿಸಿಲಿಗೆ ಬಿರಿದವು.

ಸಾಮಾನ್ಯ ಮನುಷ್ಯರಾಗಿದ್ದರೆ ಅತ್ತು ಮನೆ ಸೇರುತ್ತಿದ್ದರು. ದೊಡ್ಡತ್ತೆಯವರು ಮೇಲಿನ ಓಣಿಗೆ ಹೋಗಿ ಮನೆಮನೆಯ ಹೊಸ್ತಿಲಲ್ಲಿ ಕೂತರು. ಒಬ್ಬ ಮುದುಕ, “ಕುರ್ಚಿ ಮೆತ್ತಗಿತ್ತೇನಮ್ಮಾ?” ಎಂದು ಕುಟುಕಿದ. “ಮೆತ್ತಗಿತ್ತು ಕಣಣ್ಣ. ಇನ್ನೂ ಚುಚ್ತಾ ಇದೆ,” ಎಂದರು. ಆಮೇಲೆ ಸಿಮೆಂಟಿನ ಸಭಾಂಗಣಕ್ಕೆ ಅವರು ಕಾಲಿಡಲಿಲ್ಲ. ಕೂಟವನ್ನು ಬೇಲಿಯ ಗೇಟಿನ ಎದುರು ನಡೆಸಿದರು, ಗೇಟಿಗೆ ಅಡ್ಡ ತಾವೇ ಕೂತರು. ಕಂಪನಿಯ ಲಾರಿಗಳು ಹಾರ್ನ್ ಹೊಡೆದವು, ಪೊಲೀಸರು ಎತ್ತಿ ಆಚೆ ಇಟ್ಟರು. ಇಟ್ಟಲ್ಲಿಂದ ಅವರು ಮತ್ತೆ ಬಂದು ಕೂತರು. ಇಲಾಖೆ ಸೋತು ಮರುವಿಚಾರಣೆಗೆ ಒಪ್ಪುವವರೆಗೆ ಕಟ್ಟೆಯ ಒಂದು ಕಲ್ಲೂ ಏಳಲಿಲ್ಲ.

ಆದರೆ ದಂಡೆ ಇನ್ನೂ ಬೇಲಿಯೊಳಗೇ ಇದೆ. ವಿಚಾರಣೆಯ ದಿನವನ್ನು ಇಲಾಖೆ ಮುಂದೂಡುತ್ತಲೇ ಇದೆ. ದಿನ ಗೊತ್ತುಮಾಡಬೇಕಾದ ಹಿರಿಯ ಅಧಿಕಾರಿಗಳೇ ಈ ಗ್ರಂಥದ ಬಿಡುಗಡೆಗೆ ಮುಖ್ಯ ಅತಿಥಿಗಳು. ಬರುತ್ತೇವೆ, ನಾಲ್ಕು ಮಾತಾಡಿ ಬೇಗ ಹೊರಡುತ್ತೇವೆ, ಇನ್ನೊಂದು ಕಾರ್ಯಕ್ರಮವಿದೆ ಎಂದು ಅವರು ಹೇಳಿ ಕಳಿಸಿದ್ದಾರೆ. ಸಮಾರಂಭ ಅದೇ ಸಭಾಂಗಣದಲ್ಲಿ ಎಂದು ತಿಳಿದಾಗ ಮುಖ ಗಂಟಿಕ್ಕಿದ್ದ ದೊಡ್ಡತ್ತೆಯವರು, ಈ ಮಾತು ಕೇಳಿ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು.

“ಬರ್ಲಿ, ಬರ್ಲಿ. ಹಾಗಾದ್ರೆ ನಾನೂ ಬರ್ತೀನಿ. ಬಾಗಿಲ ಹತ್ರ ನಂಗೊಂದು ಸ್ಟೂಲ್ ಹಾಕಿ.”

“ವೇದಿಕೆ ಮೇಲೆ ನಿಮ್ಮ ಕುರ್ಚಿ?” ಎಂದಳು ತಂಗಿಯ ಮಗಳು.

“ಅದು ಖಾಲಿ ಇರ್ಲಿ ಕಣೇ. ಅವ್ರು ಎದ್ದು ಬಂದ್ರೆ ವಾಪಸ್ ಕೂರೋಕೆ ಬೇಕಲ್ಲ.”

ದೊಡ್ಡತ್ತೆಯವರಿಗೆ ದೀರ್ಘಾಯುಷ್ಯವಿರಲಿ, ಮಂಡಿಗಳಲ್ಲಿ ಕಸುವಿರಲಿ, ಹಿಡಿತ ಸಡಿಲವಾಗದಿರಲಿ. ಹೊಣೆ ಇಳಿಸಿದವರು ಬಾಗಿಲು ಬಿಡಬೇಕೆಂಬ ನಿಯಮ ಕೂಟದಲ್ಲಿಲ್ಲ. ಮುಖ್ಯ ಅತಿಥಿಗಳು ಗಟ್ಟಿ ಹೊಲಿಗೆಯ ಅಂಗಿ ತೊಟ್ಟು ಬರಬೇಕೆಂದು ವಿನಂತಿ.