ಎಂಟನೇ ಬಿಟ್

1987ರಲ್ಲಿ ನಾನು ಜಯನಗರ ಏಳನೇ ಬ್ಲಾಕಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಂಪನಿ ಎಂದರೆ ಒಂದು ಮನೆಯ ಮಹಡಿ, ಅಷ್ಟೇ. ಕೆಳಗೆ ಮಾಲೀಕರ ಸಂಸಾರ, ಮೇಲೆ ನಾವು. ಅಡುಗೆಮನೆಯಲ್ಲಿ ಪ್ರಿಂಟರ್, ದೇವರಮನೆಯಲ್ಲಿ ಕಾಗದದ ಬಂಡಲುಗಳು, ನಡುಮನೆಯಲ್ಲಿ ಗಾಜಿನ ಗೂಡು ಕಟ್ಟಿಸಿ ಅದರೊಳಗೆ ಬಾಡಿಗೆಗೆ ತಂದ ಯುನಿಕ್ಸ್ ಮಿನಿ ಕಂಪ್ಯೂಟರ್. ಏಸಿ ಇದ್ದದ್ದು ಅದಕ್ಕೆ ಮಾತ್ರ. ಏಪ್ರಿಲ್ ತಿಂಗಳಲ್ಲಿ ನನಗೆ ಅದರ ಮೇಲೆ ಹೊಟ್ಟೆಯುರಿಯಾಗುತ್ತಿತ್ತು.

ನಮ್ಮ ಹಿರಿಯ ಎಂಜಿನಿಯರ್ ಶ್ರೀಕಂಠಯ್ಯ. ಐವತ್ತರ ಆಸುಪಾಸು, ಕುಳ್ಳ ಆಸಾಮಿ, ಆದರೆ ಗಂಟಲು ಮಾತ್ರ ದೇವರು ಬೇರೆ ಯಾರಿಗೋ ಮಾಡಿಟ್ಟದ್ದನ್ನು ಇವರಿಗೆ ಕೊಟ್ಟಂತಿತ್ತು. ಅವರು ಬಾಲ್ಕನಿಯಲ್ಲಿ ನಿಂತು "ಕಾಫಿ!" ಎಂದರೆ ಬಸ್‌ ಸ್ಟಾಪಿನಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ನನ್ನ ಹೆಸರು ನಾಗರತ್ನ. ಆ ಹೆಸರಿನಲ್ಲಿ ಅಷ್ಟೊಂದು ಸದ್ದಿದೆಯೆಂದು ನನಗೆ ಗೊತ್ತಾದದ್ದೇ ಅವರು ಕೂಗಿದ ಮೇಲೆ.

ಅವರು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲೈಬ್ರರಿ ಬರೆದಿದ್ದರು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಕಪಾಟಲ್ಲ. ಬೇರೆ ಬೇರೆ ಪ್ರೋಗ್ರಾಮುಗಳು ಬೇಕಾದಾಗ ಕರೆದು ಬಳಸಿಕೊಳ್ಳುವ ಕೋಡಿನ ಕಟ್ಟು. ಇವರ ಲೈಬ್ರರಿಯ ಕೆಲಸ ಮಾತನಾಡುವುದು. ಮೊದಲೇ ರೆಕಾರ್ಡ್ ಮಾಡಿಟ್ಟ ಅಕ್ಷರಗಳ ಸದ್ದನ್ನು ಒಂದಕ್ಕೊಂದು ಜೋಡಿಸಿ ಮಾತು ಹೊರಡಿಸುತ್ತಿತ್ತು. ಒಂದು ಕಾರ್ಖಾನೆಗೆ ಬಾಯ್ಲರ್ ಮಿತಿಮೀರಿ ಬಿಸಿಯಾದಾಗ ಕನ್ನಡದಲ್ಲಿ ಎಚ್ಚರಿಸುವ ಯಂತ್ರ ಬೇಕಿತ್ತು, ಅದಕ್ಕಾಗಿ ಬರೆದದ್ದು. ಯುನಿಕ್ಸ್ ಮೇಲೆ ಚೆನ್ನಾಗಿ ನಡೆಯುತ್ತಿತ್ತು. ಕಾರ್ಖಾನೆಯವರು ಯುನಿಕ್ಸ್ ಬದಲು ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಸಣ್ಣ ಪಿ.ಸಿ. ಮೇಲೆ ಬೇಕೆಂದರು. ಮಿನಿ ಕಂಪ್ಯೂಟರಿನ ಬಾಡಿಗೆ ಕರಾರೂ ಮುಗಿಯುತ್ತಾ ಬಂದಿತ್ತು. ಲೈಬ್ರರಿಯನ್ನು ಡಾಸ್ ಮೇಲೆ ಕಂಪೈಲ್ ಮಾಡುವ, ಅಂದರೆ ಬರೆದ ಕೋಡನ್ನು ಆ ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಆ ದಿನಗಳಲ್ಲೇ ಅವರ ಧ್ವನಿ ಒಡೆಯತೊಡಗಿತು. ಶೀತ ಎಂದರು, ಧೂಳು ಎಂದರು, ಬನಶಂಕರಿಯಲ್ಲಿ ಅವರ ಬೀದಿಗೆ ಹೊಸದಾಗಿ ಸುರಿದ ಜಲ್ಲಿಯನ್ನು ಬೈದರು. ಕೊನೆಗೆ ಅವರ ಹೆಂಡತಿ ಲಲಿತಮ್ಮನವರೇ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ಶ್ರೀಕಂಠಯ್ಯ ಎಂದಿನಂತೆ ಬಂದು, ಕಾಫಿ ತರಿಸಿ, ಅರ್ಧ ಕುಡಿದ ಮೇಲೆ ಹೇಳಿದರು.

"ಕ್ಯಾನ್ಸರ್ ಅಂತೆ ನಾಗರತ್ನ. ಧ್ವನಿಪೆಟ್ಟಿಗೇನೇ ತೆಗೀಬೇಕಂತೆ. ಆಮೇಲೆ ಮಾತು ಬರಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಅವರೇ ಮುಂದುವರಿಸಿದರು.

"ಅಳ್ಬೇಡ ಮಾರಾಯ್ತಿ. ನಾವು ಮಾತಾಡೋ ಲೈಬ್ರರಿ ಮಾಡಿರೋರು. ಅದಕ್ಕೆ ನನ್ನ ಧ್ವನೀನೇ ಹಾಕೋಣ. ನೀನು ಪಿ.ಸಿ. ಮೇಲೆ ಓಡೋ ಹಾಗೆ ಮಾಡ್ಕೊಡು. ಮನೇಲಿಟ್ಕೊಂಡು ಟೈಪ್ ಮಾಡ್ತೀನಿ, ಅದು ಮಾತಾಡತ್ತೆ. ಲಲಿತಂಗೆ ಮನೆ ಬಿಕೋ ಅನ್ನಬಾರ್ದು."

ಮಕ್ಕಳಿಲ್ಲದ ಮನೆ ಅವರದು. ಆ ಮನೆಯ ಸದ್ದೆಲ್ಲ ಇವರದೇ. ಅಂದಿನಿಂದ ನನ್ನ ಪಾಲಿಗೆ ಕಾರ್ಖಾನೆಯ ಬಾಯ್ಲರ್ ಎಲ್ಲಿಗೋ ಹೋಯಿತು. ಶ್ರೀಕಂಠಯ್ಯನವರ ಮಾತು ಉಳಿಯಬೇಕು, ಅಷ್ಟೇ ಕೆಲಸವಾಯಿತು.

ಹಿಂದಿನ ಮಲಗುವ ಕೋಣೆಯ ಕಿಟಕಿಗಳಿಗೆ ಹಾಸಿಗೆ ಒರಗಿಸಿ ರೆಕಾರ್ಡಿಂಗ್ ಶುರು ಮಾಡಿದೆವು. ಮೈಕಿನಿಂದ ಸದ್ದು ನೇರವಾಗಿ ಯುನಿಕ್ಸ್ ಕಂಪ್ಯೂಟರಿನ ಡಿಸ್ಕಿಗೆ ಹೋಗುತ್ತಿತ್ತು. ಪಕ್ಕದಲ್ಲೇ ಒಂದು ಟೇಪ್ ರೆಕಾರ್ಡರ್ ಇತ್ತು. "ಕ್ಯಾಸೆಟ್ಟು ಬೇಡ, ಬರೀ ಗೊರಗೊರ" ಎಂದು ಅದನ್ನು ಶ್ರೀಕಂಠಯ್ಯ ಆಚೆಗೆ ತಳ್ಳಿದರು. ಲಲಿತಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಇವರು ಮೈಕಿನ ಮುಂದೆ ನಿಂತು, ಒಂದನೇ ತರಗತಿಯ ಹುಡುಗನಂತೆ, ಕ ಕಾ ಕಿ ಕೀ ಎಂದು ಇಡೀ ಕಾಗುಣಿತ ಒಪ್ಪಿಸುತ್ತಿದ್ದರು. ಏಸಿಯ ಗುಂಯ್ ಸದ್ದನ್ನು ಮೀರಬೇಕೆಂದು ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ, ಉಳಿದಿದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದರು. ಗಂಟಲಿಗೆ ಆಯಾಸ ಕೊಡಬೇಡಿ ಎಂದಿದ್ದ ಡಾಕ್ಟರು ನೋಡಿದ್ದರೆ ಹೊಡೆಯುತ್ತಿದ್ದರೇನೋ. ಕೆಳಗಿನ ಮನೆಯ ಕುಕ್ಕರ್ ಕೂಗಿದರೆ ಆ ಅಕ್ಷರ ಮತ್ತೊಮ್ಮೆ. ಯುನಿಕ್ಸ್ ಮೇಲೆ ನಡುನಡುವೆ ಹಾಕಿ ಕೇಳಿದೆವು. ಸ್ವಲ್ಪ ಒಡಕಿದ್ದರೂ ಅವರದೇ ಧ್ವನಿ, ಅನುಮಾನವಿಲ್ಲ.

ಆಮೇಲೆ ಎಲ್ಲವನ್ನೂ ಪಿ.ಸಿ.ಗೆ ಸಾಗಿಸಬೇಕಿತ್ತು. ಕಂಪ್ಯೂಟರಿನ ಫೈಲುಗಳನ್ನು ನಕಲು ಮಾಡುವ ಟೇಪ್ ಡ್ರೈವ್ ರಿಪೇರಿಗೆ ಹೋಗಿತ್ತು. ಹಾಗಾಗಿ ಎರಡು ಯಂತ್ರಗಳ ನಡುವೆ ಒಂದು ತಂತಿ ಎಳೆದು, ಅದರ ಮೂಲಕ ಫೈಲುಗಳನ್ನು ಕಳಿಸಿದೆವು. ಹೀಗೆ ಕಳಿಸಿದ್ದನ್ನು ತಾಳೆ ನೋಡಲು ನಮ್ಮ ಆಫೀಸಿನಲ್ಲಿ ಶ್ರೀಕಂಠಯ್ಯ ತಂದಿದ್ದ ಒಂದು ಪದ್ಧತಿ ಇತ್ತು. ಅವರ ತಂದೆ ಅಚ್ಚುಕೂಟ ನಡೆಸಿದವರು. ಅಲ್ಲಿ ಕರಡು ತಿದ್ದುವಾಗ ಒಬ್ಬರು ಮೂಲವನ್ನು ಜೋರಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಬೆರಳಿಟ್ಟು ಹೋಗುವುದು. ನಾವೂ ಹಾಗೆಯೇ ಮಾಡುತ್ತಿದ್ದೆವು. ಆಪರೇಷನ್ನಿಗೆ ಸೇರುವ ಹಿಂದಿನ ದಿನ ಅವರು ಕೂತು ಇಡೀ ಸಿ ಪ್ರೋಗ್ರಾಮನ್ನು ಓದಿದರು. "ಇಂಟ್ ಐ ಸೆಮಿಕೋಲನ್. ಫಾರ್, ಬ್ರಾಕೆಟ್ ಓಪನ್..." ನಾನು ಡಾಸ್ ಕಡೆಯ ಪ್ರಿಂಟಿನ ಮೇಲೆ ಬೆರಳಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಹೋದೆ. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಧ್ವನಿಯ ಫೈಲುಗಳನ್ನು ಓದುವುದು ಹೇಗೆ? ಅವೆಲ್ಲ ಬರೀ ಸಂಖ್ಯೆ. ಪಿ.ಸಿ.ಯಿಂದ ಸದ್ದು ಹೊರಡಿಸುವ ಕಾರ್ಡ್ ಇನ್ನೂ ತಯಾರಾಗಿರಲಿಲ್ಲ. ಎರಡೂ ಕಡೆ ಫೈಲಿನ ಗಾತ್ರ ಹೋಲಿಸಿದೆವು. ಎಲ್ಲವೂ ಸರಿಯಾಗಿತ್ತು.

"ನಮ್ಮ ಸಾಮಾನು ನಮ್ಮ ಮನೆಗೆ ಬಂತು" ಎಂದರು ಶ್ರೀಕಂಠಯ್ಯ. "ಬಾಡಿಗೆ ಮನೆ ಗುಡಿಸಿ ಕೊಟ್ಬಿಡೋಣ."

ಅದು ಅವರ ಸ್ವಭಾವ. ಯಾವ ಬಾಡಿಗೆ ಮನೆ ಬಿಟ್ಟರೂ ಗುಡಿಸಿ, ಒರೆಸಿ, ಬಾಗಿಲಿಗೊಂದು ರಂಗೋಲಿ ಹಾಕಿಸಿಯೇ ಬೀಗದ ಕೈ ಕೊಡುತ್ತಿದ್ದ ಜನ. ಲಲಿತಮ್ಮ ಬಾಡಿಗೆಯ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಮೊಳ ಸೇವಂತಿಗೆ ಇಟ್ಟರು. ಶ್ರೀಕಂಠಯ್ಯ ಕೂತು, ಅದರಲ್ಲಿದ್ದ ನಮ್ಮ ಫೈಲುಗಳನ್ನೆಲ್ಲ ತಮ್ಮ ಕೈಯಾರೆ ಅಳಿಸಿದರು. ಮುಂದಿನ ವಾರ ಬಾಡಿಗೆಯವರು ಯಂತ್ರ ಒಯ್ದು, ಡಿಸ್ಕನ್ನು ಹೊಸದಾಗಿ ಸಜ್ಜುಗೊಳಿಸಿ ಬೇರೆಯವರಿಗೆ ಕೊಟ್ಟರು.

ಇನ್ನು ಕಂಪೈಲ್ ಮಾಡುವ ಕಥೆ. ಸಿ ಭಾಷೆಯಲ್ಲಿ ಬರೆದದ್ದು ಎಲ್ಲಿ ಬೇಕಾದರೂ ನಡೆಯುತ್ತದೆ ಎನ್ನುವವರು ಸಾಮಾನ್ಯವಾಗಿ ಅದನ್ನು ಒಂದೇ ಕಡೆ ನಡೆಸಿ ನೋಡಿರುತ್ತಾರೆ. ಯುನಿಕ್ಸ್ ಯಂತ್ರದಲ್ಲಿ ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ, ಅಂದರೆ ಸೊನ್ನೆ ಅಥವಾ ಒಂದು ಕೂರುವ 32 ಮನೆ. ಪಿ.ಸಿ.ಯಲ್ಲಿ 16 ಮಾತ್ರ. ದೊಡ್ಡ ಸಂಖ್ಯೆಗಳೆಲ್ಲ ಉಕ್ಕಿ ಹೋಗುತ್ತಿದ್ದವು. ಫೈಲಿನ ಹೆಸರು ಎಂಟು ಅಕ್ಷರ ದಾಟುವಂತಿರಲಿಲ್ಲ. ಕಂಪೈಲರ್ ಕೊಡುವ ದೋಷಗಳ ಪಟ್ಟಿ ಪ್ರಿಂಟರಿನಿಂದ ಇಳಿದು ಅಡುಗೆಕಟ್ಟೆಯಿಂದ ನೆಲ ಮುಟ್ಟುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಆದರೂ ಒಂದೊಂದಾಗಿ ತಿದ್ದಿದೆ. ಆಸ್ಪತ್ರೆಗೆ ಹೋದಾಗಲೆಲ್ಲ ಶ್ರೀಕಂಠಯ್ಯ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು, ಸ್ಲೇಟಿನ ಮೇಲೆ "ಎಷ್ಟು ಎರರ್?" ಎಂದು ಬರೆದು ತೋರಿಸುತ್ತಿದ್ದರು. ಕಡಿಮೆಯಾದ ಸಂಖ್ಯೆ ಹೇಳಿದರೆ ಅವರ ಕಣ್ಣು ನಗುತ್ತಿತ್ತು. ಕೊನೆಗೊಂದು ದಿನ ಸೊನ್ನೆ ಎಂದೆ. ಪಕ್ಕದ ಮಂಚದವರಿಗೆಲ್ಲ ಸ್ಲೇಟು ಎತ್ತಿ ತೋರಿಸಿದರು.

ಸದ್ದಿನ ಕಾರ್ಡ್ ಬಂದ ದಿನ ಅವರಿಬ್ಬರೂ ಆಟೋದಲ್ಲಿ ಆಫೀಸಿಗೆ ಬಂದರು. ಲಲಿತಮ್ಮ ಮನೆಯಿಂದ ಕೇಸರಿಬಾತ್ ಮಾಡಿ ತಂದಿದ್ದರು. ಶ್ರೀಕಂಠಯ್ಯ ಕೀಬೋರ್ಡಿನ ಮುಂದೆ ಕೂತು, ಹೆಂಡತಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರು.

ಒಂದು ಚೂರು ಸದ್ದಾಗಿ ನಿಂತುಹೋಯಿತು. ಅದರ ಕಾರಣ ನನಗೆ ಬೇಗ ಹೊಳೆಯಿತು. ಡಾಸ್‌ನಲ್ಲಿ ಫೈಲನ್ನು ಬರಹವೆಂದು ತೆರೆದರೆ, 26 ಎಂಬ ಸಂಖ್ಯೆ ಸಿಕ್ಕಿದ ಕಡೆ ಫೈಲು ಮುಗಿಯಿತೆಂದು ಅದು ಓದು ನಿಲ್ಲಿಸಿಬಿಡುತ್ತದೆ. ಯುನಿಕ್ಸ್‌ಗೆ ಈ ಕಾಟವಿಲ್ಲ. ಇದು ಬರಹವಲ್ಲ ಎಂದು ತಿಳಿಸುವ ಒಂದು ಅಕ್ಷರವನ್ನು ಕೋಡಿಗೆ ಸೇರಿಸಿ ಮತ್ತೆ ಕಂಪೈಲ್ ಮಾಡಿದೆ. "ಈಗ ನೋಡಿ ಸಾರ್" ಎಂದು ಉಬ್ಬಿ ಹೇಳಿದೆ.

ಈ ಸಲ ಪೂರ್ತಿ ಬಂತು. ತಗಡನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು. ಬೇರೆ ಹೆಸರು ಹಾಕಿದೆವು, ಬಿಡಿ ಅಕ್ಷರ ಹಾಕಿದೆವು. ಎಲ್ಲಕ್ಕೂ ಅದೇ ಕರ್ಕಶ. ಲಲಿತಮ್ಮ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಿದ್ದರು.

"ಇದು ಇವರ ಧ್ವನಿ ಅಲ್ವಲ್ಲಮ್ಮ?" ಎಂದರು.

ನಾನು ನನ್ನ ಕೋಡಿನ ಮೇಲೆ ಅನುಮಾನಪಟ್ಟೆ. ಶ್ರೀಕಂಠಯ್ಯ ತಲೆಯಾಡಿಸಿದರು. ಸ್ಲೇಟಿನ ಮೇಲೆ "ಫೈಲ್ ಪ್ರಿಂಟ್" ಎಂದು ಬರೆದರು. ಪ್ರಿಂಟಾದ ಸಂಖ್ಯೆಗಳ ಮೇಲೆ ಬೆರಳಿಟ್ಟು, ಕರಡು ತಿದ್ದುವವರಂತೆ, ಸಾಲು ಸಾಲಾಗಿ ಇಳಿದರು. ಮೂರನೇ ಹಾಳೆಯಲ್ಲಿ ಬೆರಳು ನಿಂತಿತು. ಅವರು ಬರೆದದ್ದು ಇಷ್ಟು: "127ಕ್ಕಿಂತ ದೊಡ್ಡದು ಒಂದೂ ಇಲ್ಲ."

ನನಗೆ ಆಗ ಅರ್ಥವಾಯಿತು. ಒಂದೊಂದು ಸಂಖ್ಯೆಗೂ ಎಂಟು ಬಿಟ್. ಎಂಟಿದ್ದರೆ 255ರವರೆಗೆ ಬರೆಯಬಹುದು, ಏಳೇ ಇದ್ದರೆ 127ರವರೆಗೆ ಮಾತ್ರ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆಲ್ಲ ಏಳೇ ಸಾಕು. ಆ ತಂತಿಯನ್ನು ಮೊದಲಿನಿಂದಲೂ ಬರಹಕ್ಕೆಂದೇ ಹೊಂದಿಸಿದ್ದರು. ಅದು ಏಳನ್ನು ಸಾಗಿಸಿ ಎಂಟನೆಯದನ್ನು ಬಿಟ್ಟುಬಿಡುತ್ತಿತ್ತು. ಪ್ರೋಗ್ರಾಮಿನಲ್ಲಿ ಎಂಟನೇ ಬಿಟ್‌ನ ಅಗತ್ಯವೇ ಇರಲಿಲ್ಲ. ಹಾಗಾಗಿ ನಾವು ಎಷ್ಟು ಜೋರಾಗಿ ಓದಿ ತಾಳೆ ನೋಡಿದ್ದರೂ ತಪ್ಪು ಸಿಗುತ್ತಿರಲಿಲ್ಲ. ಧ್ವನಿಗೆ ಮಾತ್ರ ಎಂಟೂ ಬೇಕು. ಮೌನವನ್ನು ನಡುವಿನ 128 ಎಂದು ಬರೆದರೆ, ಮಾತು ಅದರ ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತದೆ. ಎಂಟನೇ ಬಿಟ್ ಹೋದದ್ದರಿಂದ ಮೇಲಿನ ಅರ್ಧವೆಲ್ಲ, ಮಹಡಿ ಕುಸಿದು ಕೆಳಗಿನ ಮನೆಯ ಮೇಲೆ ಬಿದ್ದ ಹಾಗೆ, ಬಿದ್ದಿತ್ತು. ಫೈಲಿನ ಗಾತ್ರ ಮಾತ್ರ ಎಳ್ಳಷ್ಟೂ ಬದಲಾಗಿರಲಿಲ್ಲ.

ಮೂಲ ಅಳಿಸಿಹೋಗಿತ್ತು. ಮತ್ತೆ ರೆಕಾರ್ಡ್ ಮಾಡಲು ಗಂಟಲಿರಲಿಲ್ಲ. ಶ್ರೀಕಂಠಯ್ಯ ಎದ್ದು ಬಾಲ್ಕನಿಗೆ ಹೋದರು. ಬೆನ್ನು ನಮ್ಮ ಕಡೆ ಮಾಡಿ ನಿಂತರು. ಅವರ ಭುಜ ಅಲುಗುತ್ತಿತ್ತು, ಸದ್ದಿಲ್ಲ. ಅಷ್ಟು ದೊಡ್ಡ ಗಂಟಲಿನ ಮನುಷ್ಯನಿಗೆ ಈಗ ಅಳುವುದಕ್ಕೂ ಸದ್ದಿರಲಿಲ್ಲ. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ.

ಕೈಚೆಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಕಳೆದುಹೋದ ಬಿಟ್ಟನ್ನು ಊಹಿಸುವ ಒಂದು ಪ್ರೋಗ್ರಾಮ್ ಬರೆದೆ. ಮೆಲ್ಲಗೆ ಆಡಿದ ಮಾತಿನ ಸಂಖ್ಯೆಗಳು ನಡುವಿನ ಗೆರೆಯಿಂದ ಹೆಚ್ಚು ದೂರ ಹೋಗಿರುವುದಿಲ್ಲ; ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಬಿಡಿಸಬಹುದು. ಗಟ್ಟಿಯಾಗಿ ಆಡಿದ್ದರಲ್ಲಿ ಎರಡೂ ಬೆರೆತುಹೋಗಿರುತ್ತವೆ. ಶ್ರೀಕಂಠಯ್ಯ ಕಾಗುಣಿತವನ್ನೆಲ್ಲ ಗಟ್ಟಿಯಾಗಿ ಹೇಳಿದ್ದರು. ಶಕ್ತಿಯೆಲ್ಲ ಹಾಕಿ ಹೇಳಿದ್ದಕ್ಕೇ ಅವರ ಒಂದು ಅಕ್ಷರವೂ ನನ್ನ ಕೈಗೆ ಸಿಗಲಿಲ್ಲ. ಈ ಅನ್ಯಾಯಕ್ಕೆ ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಯ ಫೈಲಿನ ಬಾಲದಲ್ಲಿ ಏನೋ ಉಳಿದಿತ್ತು. ರೆಕಾರ್ಡಿಂಗಿನ ಕೊನೆಯ ದಿನ ಅಕ್ಷರಗಳು ಮುಗಿದ ಮೇಲೂ ಮೈಕು ಸ್ವಲ್ಪ ಹೊತ್ತು ತೆರೆದಿತ್ತೆಂದು ಕಾಣುತ್ತದೆ. ಆ ಭಾಗ ನನ್ನ ಪ್ರೋಗ್ರಾಮಿಗೆ ಸಲೀಸಾಗಿ ಬಿಡಿಸಿಕೊಂಡು ಬಂತು. ಕಾರ್ಡಿಗೆ ಕೊಟ್ಟು ಕೇಳಿದೆ. ಮೈಕಿನಿಂದ ದೂರ ಸರಿದು, ಸ್ಟೂಲಿನ ಮೇಲಿದ್ದವರಿಗೆ ಮೆಲ್ಲಗೆ ಹೇಳಿದ ಮಾತು.

"ಸಾಕಾಯ್ತೇನೇ? ಕೂತು ಕೂತು ಕಾಲು ಹಿಡ್ಕೊಂಡಿರತ್ತೆ. ನಡಿ, ಮನೆಗೆ ಹೋಗೋಣ."

ನಾನು ಅತ್ತೆ, ಮುಚ್ಚಿಡುವುದೇನಿದೆ. ಆ ಮಾತನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿದರೆ ಲೈಬ್ರರಿಗೆ ನಾಲ್ಕು ಪದ ಜೋಡಿಸುವಷ್ಟಾದರೂ ಸಿಗುತ್ತದೆ ಎಂದು ಶ್ರೀಕಂಠಯ್ಯನವರಿಗೆ ಹೇಳಿದೆ. ಅವರು ಆ ಧ್ವನಿಯನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಸ್ಲೇಟಿನ ಮೇಲೆ ಬರೆದರು: "ಕತ್ತರಿಸಬೇಡ. ಇದು ಅವಳದು."

ಲೈಬ್ರರಿ ಮುಂದೆ ಬೇರೊಬ್ಬರ ಧ್ವನಿಯೊಂದಿಗೆ ಕಾರ್ಖಾನೆಗೆ ಹೋಯಿತು, ಚೆನ್ನಾಗಿಯೇ ನಡೆಯಿತು. ನಾನೂ ಆಮೇಲೆ ಎಷ್ಟೋ ಸಿಸ್ಟಮ್‌ಗಳಿಂದ ಎಷ್ಟೋ ಸಿಸ್ಟಮ್‌ಗಳಿಗೆ ಕೋಡ್ ಸಾಗಿಸಿದೆ. ನನ್ನ ಕೈಕೆಳಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ದೋಷ ಸೊನ್ನೆ ಎಂದು ಕಂಪೈಲರ್ ಹೇಳಿದರೆ ನಂಬಬೇಡಿ, ಗಾತ್ರ ಸರಿಯಿದೆ ಎಂದರೂ ನಂಬಬೇಡಿ. ಯಾರಿಗಾಗಿ ಮಾಡಿದಿರೋ ಅವರ ಮುಂದೆ ಹೊಸದು ನಡೆಯುವವರೆಗೆ ಹಳೆಯದನ್ನು ಅಳಿಸಬೇಡಿ. ಅವರು ನನ್ನನ್ನು ಅತಿ ಜಾಗ್ರತೆಯವಳು ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

ಶ್ರೀಕಂಠಯ್ಯ ಮರುವರ್ಷ ಹೋಗಿಬಿಟ್ಟರು. ಆ ಮಾತಿದ್ದ ಪಿ.ಸಿ.ಯನ್ನು ಅವರು ಮನೆಗೆ ಒಯ್ದಿದ್ದರು; ಕಂಪನಿ ಅದನ್ನು ಅಲ್ಲೇ ಬಿಟ್ಟಿತು. ವೈಕುಂಠ ಸಮಾರಾಧನೆ ಕಳೆದ ಮೇಲೆ ಒಂದು ಮಧ್ಯಾಹ್ನ ಬನಶಂಕರಿಗೆ ಹೋದೆ. ಲಲಿತಮ್ಮ ನಡುಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಯಾವ ಕೀ ಒತ್ತಬೇಕೆಂದು ಅವರಿಗೆ ಗಂಡನೇ ಕಲಿಸಿದ್ದರಂತೆ. ಎದ್ದು ಹೋಗಿ ಒತ್ತಿದರು. ಆ ಮೆಲ್ಲನೆಯ ಧ್ವನಿ ಹೇಳಿತು: "ಸಾಕಾಯ್ತೇನೇ? ಕೂತು ಕೂತು ಕಾಲು ಹಿಡ್ಕೊಂಡಿರತ್ತೆ. ನಡಿ, ಮನೆಗೆ ಹೋಗೋಣ."

ನಾನಿರುವುದನ್ನು ಲಲಿತಮ್ಮ ಮರೆತಿದ್ದರು. ಯಂತ್ರದ ಕಡೆ ತಿರುಗಿ, ಊಟಕ್ಕೆ ಕರೆಯುವಷ್ಟೇ ಸಹಜವಾಗಿ ಅಂದರು:

"ಮನೇಲೇ ಇದೀನಲ್ಲ ರೀ. ನೀವೇ ಬರ್ಬೇಕು."